ಅರೆಬಿಳಿ ಅಣ್ಣನ ಜೇಬಿನ ಹಲ್ಲು

ಹಿಂದಿನ ಕಾಲದ ವೀರರು ಯುದ್ಧಕ್ಕೆ ಹೊರಟರೆ ಗದೆ ಹಿಡಿಯುತ್ತಿದ್ದರು, ಬಿಲ್ಲು ಹಿಡಿಯುತ್ತಿದ್ದರು, ಏನೂ ಸಿಗದಿದ್ದರೆ ಬುಡಸಮೇತ ಮರ ಕಿತ್ತು ಹಿಡಿಯುತ್ತಿದ್ದರು. ನಮ್ಮ ಅರೆಬಿಳಿ ಅಣ್ಣ ಚಿತ್ರಪ್ರದರ್ಶನಕ್ಕೆ ಹೊರಟರೆ ಒಂದು ಹಲ್ಲು ಹಿಡಿಯುತ್ತಿದ್ದ. ಬಾಯಲ್ಲಿರುವುದಲ್ಲ, ಅವು ಬೇರೆ ಇದ್ದವು, ಇಪ್ಪತ್ತೊಂಬತ್ತು. ಇದು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ, ಲೋಹದ ಸಣ್ಣ ಕಡ್ಡಿಯ ತುದಿಗೆ ಕೂರಿಸಿದ ಪಿಂಗಾಣಿಯ ಹಲ್ಲು. ಚಿತ್ರದ ಮುಂದೆ ನಿಂತು, ಎಡಗಣ್ಣು ಮುಚ್ಚಿ, ತೋಳು ನೀಳವಾಗಿ ಚಾಚಿ, ಹಲ್ಲನ್ನು ಚಿತ್ರಕ್ಕೆ ಗುರಿಯಿಟ್ಟನೆಂದರೆ ಅಕ್ಕಪಕ್ಕ ನಿಂತವರು ತಮಗೇ ಗೊತ್ತಿಲ್ಲದೆ ತುಟಿ ಮುಚ್ಚಿಕೊಳ್ಳುತ್ತಿದ್ದರು.

ಈ ಭಂಗಿಯ ಸುತ್ತ ಹುಟ್ಟಿದ ಕಥೆಗಳು ಒಂದೆರಡಲ್ಲ. ಯಾವನೋ ಚಿತ್ರಕಾರ ತನ್ನ ಪ್ರದರ್ಶನದ ಮೊದಲ ದಿನವೇ ಇವನನ್ನು ಕಂಡು, ಹೊಗಳಿದ್ದೋ ಬೈದದ್ದೋ ತಿಳಿಯದೆ, ಮೂರು ತಿಂಗಳು ಕುಂಚ ಮುಟ್ಟಲಿಲ್ಲವಂತೆ. ಗೋಡೆಯ ಮೇಲಿದ್ದ ಸಾಹುಕಾರರೊಬ್ಬರ ಭಾವಚಿತ್ರ ಇವನನ್ನು ನೋಡಿ ಬಾಯಿ ಇನ್ನಷ್ಟು ಬಿಗಿ ಮಾಡಿಕೊಂಡಿತಂತೆ. ಇವೆಲ್ಲ ಸುಳ್ಳಿರಬಹುದು. ಚಿತ್ರಶಾಲೆಯ ಕಾವಲಿನ ಅಜ್ಜ ಮೊದಲ ಸಲ ಇವನ ಮಣಿಕಟ್ಟು ಹಿಡಿದದ್ದು ಮಾತ್ರ ನಿಜ. ಅಜ್ಜನೇ ನನಗೆ ಹೇಳಿದ್ದು.

"ಏನ್ರೀ ಅದು ಕೈಯಲ್ಲಿ?"

"ಹಲ್ಲು."

"ಯಾರದು?"

"ಇನ್ನೂ ಯಾರದೂ ಅಲ್ಲ."

ಅಷ್ಟು ವರ್ಷದ ನೌಕರಿಯಲ್ಲಿ ಅಜ್ಜ ಇಂಥ ಉತ್ತರ ಕೇಳಿರಲಿಲ್ಲ. ನಿಯಮದ ಪುಸ್ತಕದಲ್ಲಿ ಕೊಡೆ, ಚೀಲ, ತಿಂಡಿ, ನಾಯಿ ಎಲ್ಲ ನಿಷೇಧವಿತ್ತು. ಹಲ್ಲಿನ ಸುದ್ದಿಯೇ ಇರಲಿಲ್ಲ. ಕೈ ಬಿಟ್ಟುಬಿಟ್ಟ.

ನಾವು ಕೆಲಸ ಮಾಡುತ್ತಿದ್ದದ್ದು ಹಲ್ಲು ಕಟ್ಟುವ ಲ್ಯಾಬಿನಲ್ಲಿ. ಲ್ಯಾಬೆಂದರೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಊರಿನ ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ನಾನು ಅದಕ್ಕೆ ಪ್ಲಾಸ್ಟರ್ ಹುಯ್ದು ದವಡೆಯ ಪಡಿಯಚ್ಚು ಮಾಡುತ್ತೇನೆ. ಕುಲುಮೆಯಕ್ಕ ಪಿಂಗಾಣಿಯ ಪುಡಿ ಕಲಸಿ, ಹಲ್ಲಿನ ಆಕಾರ ಕಟ್ಟಿ, ಕುಲುಮೆಯಲ್ಲಿ ಸುಡುತ್ತಾಳೆ. ಕೊನೆಗೆ ಅರೆಬಿಳಿ ಅಣ್ಣ ನಾಲ್ಕೈದು ಕೂದಲಿನ ಕುಂಚದಲ್ಲಿ ಬಣ್ಣ ಕೊಡುತ್ತಾನೆ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯ ಎರಡನೆಯ ಅರ್ಧದ ಮೇಲೆ ನಮ್ಮ ಮೂವರ ಹೊಟ್ಟೆ ನಡೆಯುತ್ತಿತ್ತು. ಅಕ್ಕನಿಗೆ ಅವನು ಅಣ್ಣ, ಅವನಿಗೆ ಅವಳು ಅಕ್ಕ. ಇಬ್ಬರಲ್ಲಿ ಹಿರಿಯರು ಯಾರೆಂಬ ಪ್ರಶ್ನೆಯನ್ನು ಈ ಏರ್ಪಾಟು ಇಪ್ಪತ್ತು ವರ್ಷ ಮುಂದೂಡಿತ್ತು.

ಅರೆಬಿಳಿ ಎಂಬ ಹೆಸರು ಬಂದದ್ದು ಅವನು ಜಗತ್ತಿನಲ್ಲಿ ಯಾವುದನ್ನೂ ಬಿಳಿ ಎಂದು ಒಪ್ಪದಿದ್ದುದರಿಂದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಉಳಿದವರು ಹೇಳಿದರೆ, ಇವನು ಹಾಲೂ ಬೆಳ್ಳಗಿಲ್ಲ ಎನ್ನುತ್ತಿದ್ದ. ಸುಣ್ಣ ಅರೆಬಿಳಿ, ಡಾಕ್ಟರ ಕೋಟು ಅರೆಬಿಳಿ, ಹೊಸ ಕಾಗದ ಅರೆಬಿಳಿ. ಹಲ್ಲಿನ ಬಣ್ಣ ಹೊಂದಿಸಲು ನಮ್ಮ ಕಸುಬಿನಲ್ಲಿ ಶೇಡ್ ಗೈಡ್ ಅಂತ ಒಂದು ಪಟ್ಟಿ ಇರುತ್ತದೆ; ಹದಿನಾರು ಪಿಂಗಾಣಿ ಹಲ್ಲು, ಹದಿನಾರು ಬಗೆಯ ಬಿಳಿ, ಸಾಲಾಗಿ. ಉಳಿದ ಲ್ಯಾಬುಗಳಲ್ಲಿ ಅದೇ ವೇದ. ಇವನು ಮೂಗು ಮುರಿಯುತ್ತಿದ್ದ. "ಊರಿನ ಬಾಯೆಲ್ಲ ಹದಿನಾರಕ್ಕೆ ಮುಗೀತದಾ?" ರೋಗಿಯ ಹಲ್ಲನ್ನು ಒಮ್ಮೆ ಬೆಳಕಲ್ಲಿ ನೋಡಿ ಬಂದನೆಂದರೆ ಆ ಬಣ್ಣ ತಲೆಯೊಳಗೆ ಕೂತುಬಿಡುತ್ತಿತ್ತು. ಪಟ್ಟಿಯ ಮೂರನೆಯ ಹಲ್ಲನ್ನು ಮಾತ್ರ ಕಿತ್ತು ಪ್ರದರ್ಶನಗಳಿಗೆಂದು ಜೇಬಿಗೆ ಹಾಕಿಕೊಂಡ. ಉಳಿದ ಹದಿನೈದು ಮೇಜಿನ ಡ್ರಾಯರಿನಲ್ಲಿ ಬೊಚ್ಚುಬಾಯಿ ಬಿಟ್ಟುಕೊಂಡು ಬಿದ್ದಿದ್ದವು.

ಇಷ್ಟಕ್ಕೂ ಈ ಮಹಾಶಯ ಚಿತ್ರಕಲೆಯ ಕಡೆ ತಿರುಗಿದ್ದು ಹೇಗೆ? ಮೂತ್ರದ ಅವಸರದಿಂದ. ಹದಿನೆಂಟು ವರ್ಷದ ಹಿಂದೆ ಒಬ್ಬ ಡಾಕ್ಟರಿಗೆ ಹಲ್ಲಿನ ಸೆಟ್ಟು ಮುಟ್ಟಿಸಲು ಹೊರಟವನಿಗೆ ದಾರಿಯಲ್ಲಿ ತಡೆಯಲಾಗಲಿಲ್ಲ. ತೆರೆದಿದ್ದ ಕಟ್ಟಡ ಚಿತ್ರಶಾಲೆಯೊಂದೇ. ಒಳಗೆ ಓಡಿದ, ಕೆಲಸ ಮುಗಿಸಿದ, ಹೊರಬರುವಾಗ ದಾರಿ ತಪ್ಪಿ ಹಿಂದಿನ ಹಜಾರಕ್ಕೆ ಹೋದ. ಅಲ್ಲಿ ಒಂದು ಚಿತ್ರ: ಮೇಜು, ಅದರ ಮೇಲೆ ಅರ್ಧ ಜಾರಿದ ಬಿಳಿ ಹಾಸುಬಟ್ಟೆ, ಒಂದು ಬಟ್ಟಲು, ಒಂದು ಚಾಕು. ಅಷ್ಟೇ. ಇವನು ಒಂದೂವರೆ ಗಂಟೆ ಅದರ ಮುಂದೆ ನಿಂತ. ಅತ್ತ ಡಾಕ್ಟರ ಕುರ್ಚಿಯಲ್ಲಿ ಯಾರೋ ಪಾಪದವರು ಒಂದೂವರೆ ಗಂಟೆ ಬಾಯಿ ಬಿಟ್ಟುಕೊಂಡು ಕೂತಿದ್ದರು.

ಮರುದಿನ ಲ್ಯಾಬಿಗೆ ಬಂದವನ ಕಣ್ಣೇ ಬೇರೆ.

"ಆ ಬಟ್ಟೇಲಿ ಬಿಳಿ ಬಣ್ಣವೇ ಇಲ್ಲ ಕಣೋ," ಎಂದ ನನಗೆ. "ಬೂದಿ ಇದೆ, ತಿಳಿಹಸಿರಿದೆ, ಒಣಹುಲ್ಲಿನ ಹಳದಿ ಇದೆ, ಮೂರನೇ ಮಡಿಕೆಯ ನೆರಳಲ್ಲಿ ನೇರಳೆ ಇದೆ. ಎರಡು ಹೆಜ್ಜೆ ಹಿಂದೆ ಬಂದ್ರೆ ಆಗ ತಾನೇ ಒಗೆದು ಹಾಸಿದ ಬಟ್ಟೆ! ನಾವು ಇಷ್ಟು ದಿನ ಹಲ್ಲು ಮಾಡ್ತಿರಲಿಲ್ಲ. ಕಾಫಿ ಬಸಿ ಮಾಡ್ತಿದ್ವಿ."

"ಬಸಿ ಕಚ್ಚಿಕೊಂಡೂ ಜನ ಊಟ ಮಾಡ್ತಿದ್ದಾರಲ್ಲ ಅಣ್ಣ," ಎಂದಳು ಕುಲುಮೆಯಕ್ಕ.

ಅವನು ಕೇಳಿಸಿಕೊಳ್ಳಲಿಲ್ಲ. ಅಂದಿನಿಂದ ಊರಿಗೆ ಯಾವ ಪ್ರದರ್ಶನ ಬಂದರೂ ಬಿಡಲಿಲ್ಲ. ಅವನು ನೋಡುತ್ತಿದ್ದ ರೀತಿ ಬೇರೆ. ಯುದ್ಧದ ಚಿತ್ರದಲ್ಲಿ ಕುದುರೆಯ ಬಾಯಿ ನೋಡಿದ, ಕಡಲಿನ ಚಿತ್ರದಲ್ಲಿ ನೊರೆ ನೋಡಿದ, ರಾಣಿಯ ಚಿತ್ರದಲ್ಲಿ ಮುತ್ತು ನೋಡಿದ; ರಾಣಿಯನ್ನು ನೋಡಿದನೋ ಇಲ್ಲವೋ ಗೊತ್ತಿಲ್ಲ. ಚಿತ್ರಕಾರರ ಮೇಲೆ ಅವನಿಗೊಂದು ಹಳೆಯ ಸಿಟ್ಟೂ ಇತ್ತು: ಭಾವಚಿತ್ರ ಬರೆಯುವವರೆಲ್ಲ ಬಾಯಿ ಮುಚ್ಚಿಸಿಯೇ ಬರೆಯುತ್ತಾರೆ. "ಕಳ್ಳರು. ಹಲ್ಲು ಬರೆಯೋಕೆ ಬಾರದೆ ಎಲ್ಲರನ್ನೂ ಗಂಭೀರ ಮಾಡಿಬಿಟ್ಟಿದ್ದಾರೆ."

ನೋಡಿದ್ದು ಕೈಗಿಳಿಯಿತು. ನಿವೃತ್ತ ಬಸ್ ಕಂಡಕ್ಟರೊಬ್ಬರಿಗೆ ಮೇಲಿನ ಸೆಟ್ಟು ಮಾಡುವಾಗ, ಎಲ್ಲರಂತೆ ಮುತ್ತಿನ ಸಾಲು ಪೋಣಿಸುವ ಬದಲು, ಅವರ ಹಳೆಯ ಫೋಟೋ ತರಿಸಿಕೊಂಡು ನೋಡಿದ. ಒಂದು ಹಲ್ಲನ್ನು ಕೊಂಚ ಓರೆ ಮಾಡಿಸಿದ, ಇನ್ನೊಂದರ ಮೂಲೆ ಚೂರು ತೇಯಿಸಿದ, ಮುಂದಿನದಕ್ಕೆ ಕೂದಲೆಳೆಯಂಥ ಕಂದು ಬಿರುಕು ಬರೆದ, ಅಂಚಿಗೆ ಆ ಹಾಸುಬಟ್ಟೆಯ ಬೂದಿ ಕೊಟ್ಟ. ಕಂಡಕ್ಟರ ಹೆಂಡತಿ ನೋಡಿದವರೇ, "ಅಯ್ಯೋ, ಇದು ಟಿಕೆಟ್ ಹರಿಯೋಕೆ ಹೋಗಿ ಮುರ್ಕೊಂಡ ಹಲ್ಲೇ ಅಲ್ವೇನ್ರೀ!" ಎಂದು ಕಣ್ಣೊರೆಸಿಕೊಂಡರು. ಡಾಕ್ಟರುಗಳು ಮುಂದಿನ ಹಲ್ಲುಗಳನ್ನೆಲ್ಲ ನಮಗೇ ಕಳಿಸತೊಡಗಿದರು. ಲ್ಯಾಬಿನ ಬೋರ್ಡಿನ ಮೇಲೆ ಯಾರ ಹೆಸರಿದ್ದರೇನು, ನಡೆಯುತ್ತಿದ್ದದ್ದು ಅವನ ಕಣ್ಣಿನ ಮೇಲೆ.

ಅಣ್ಣನಿಗೆ ಸಂಸಾರವೆಂದರೆ ಒಬ್ಬಳು ತಂಗಿ. ಇಬ್ಬರೂ ಮದುವೆಯ ಗೊಡವೆಗೆ ಹೋಗದೆ ಒಂದೇ ಮನೆಯಲ್ಲಿ ವಾದ ಮಾಡಿಕೊಂಡು ಸುಖವಾಗಿದ್ದರು. ಅವಳು ಒಂದನೆಯ ತರಗತಿಯ ಟೀಚರ್. ನಲವತ್ತಾರು ವರ್ಷವಾದರೂ ಅವನ ಬಾಯಲ್ಲಿ ಪುಟ್ಟಿ. ಅವಳ ನಗು ಎಂಥದೆಂದರೆ, ಅವಳು ನಕ್ಕರೆ ಪಕ್ಕದ ಮನೆಯವರು ಏನು ವಿಷಯ ಎಂದು ಕೇಳಿಕೊಂಡು ಬರುತ್ತಿದ್ದರು; ವಿಷಯ ಕೇಳಿ, ಇಷ್ಟಕ್ಕಾ ಎಂದು ಹೋಗುತ್ತಿದ್ದರು.

ಆ ಪುಟ್ಟಿ ಒಂದು ದಿನ ಶಾಲೆಯ ಒದ್ದೆ ಮೆಟ್ಟಿಲಿನಲ್ಲಿ ಜಾರಿ, ಕಬ್ಬಿಣದ ಕಂಬಿಗೆ ಬಾಯಿ ಬಡಿದು, ಮೇಲಿನ ನಾಲ್ಕು ಮುಂದಿನ ಹಲ್ಲು ಕಳೆದುಕೊಂಡಳು. ಒಂದನೆಯ ತರಗತಿಯಲ್ಲಿ ಅರ್ಧ ಮಕ್ಕಳಿಗೆ ಮುಂದಿನ ಹಲ್ಲಿರುವುದಿಲ್ಲ. ಮೊದಲ ತಿಂಗಳು ಮಕ್ಕಳು ಅವಳನ್ನು ತಮ್ಮ ಗುಂಪಿಗೇ ಸೇರಿಸಿಕೊಂಡರು. "ಟೀಚರ್, ನಿಮ್ದು ಯಾವಾಗ ಬರುತ್ತೆ?" ಮಕ್ಕಳದು ಒಂದೊಂದಾಗಿ ಬಂದವು. ಅವಳದು ಬರಲಿಲ್ಲ. ಡಾಕ್ಟರು ಆಗಿನ ಮಟ್ಟಿಗೆ ಕೊಟ್ಟ ಪ್ಲಾಸ್ಟಿಕ್ ತುಂಡನ್ನು ಹಾಕಿಕೊಂಡು, ಬಾಯಿಗೆ ಕೈ ಅಡ್ಡವಿಟ್ಟುಕೊಂಡು ಪಾಠ ಹೇಳುವುದನ್ನು ಕಲಿತಳು. ಮನೆಯಲ್ಲಿ ನಗು ನಿಂತಿತು. ಪಕ್ಕದ ಮನೆಯವರು ಈಗ ಏನಾಯಿತು ಎಂದು ಕೇಳಲು ಬಂದರು.

"ದವಡೆ ವಾಸಿಯಾಗಲಿ," ಎಂದ ಅಣ್ಣ. "ನಿನ್ನ ಹಲ್ಲು ಯಾವುದು, ನಾನು ಮಾಡಿದ್ದು ಯಾವುದು ಅಂತ ನಿನಗೇ ಗೊತ್ತಾಗಬಾರದು, ಹಂಗೆ ಮಾಡ್ತೀನಿ."

ನಾಲ್ಕು ತಿಂಗಳ ಮೇಲೆ ಮಾಡಿದ. ತಂಗಿಯ ಹಲ್ಲಿನ ಬಣ್ಣ ನೋಡಿ ಬರಬೇಕಾಗಿರಲಿಲ್ಲ. ನಲವತ್ತು ವರ್ಷ ಎದುರಿಗೇ ಕೂತು ಉಂಡ ಬಾಯಿ. ಒಂದು ವಾರ ಹಾಕಿ ನೋಡಿ ಎಂದು ಡಾಕ್ಟರು ಸಡಿಲವಾಗಿ ಕೂರಿಸಿದರು. ಅವಳು ಕನ್ನಡಿ ನೋಡಿ, "ಚೆನ್ನಾಗಿದೆ ಅಣ್ಣ," ಎಂದಳು. ಕೈ ಮಾತ್ರ ಬಾಯಿಯ ಮುಂದೆಯೇ ಇತ್ತು.

ಮರುದಿನ ತರಗತಿಯಲ್ಲಿ ಒಂದು ಮಗು ತೀರಾ ಕಾಳಜಿಯಿಂದ ಕೇಳಿತಂತೆ: "ಟೀಚರ್, ನಿಜವಾದ ಹಲ್ಲು ಬರೋವರೆಗೆ ಇದು ಹಾಕ್ಕೊಂಡಿದ್ದೀರಾ?"

ಅವಳು ಸಂಜೆಯೇ ಹೋಗಿ ತೆಗೆಸಿಕೊಂಡಳು. ಅಣ್ಣನಿಗೆ, ಕಚ್ಚುವಾಗ ನೋಯುತ್ತದೆ ಎಂದು ಸುಳ್ಳು ಹೇಳಿದಳು. ಡಾಕ್ಟರು ಸೆಟ್ಟನ್ನು ವಾಪಸ್ಸು ಕಳಿಸಿದರು, ಜೊತೆಗೊಂದು ಚೀಟಿ: ನೀಲಿ ಜಾಸ್ತಿಯಾಗಿದೆ. ಚೀಟಿ ಓದಿ ಅಣ್ಣ ನಕ್ಕುಬಿಟ್ಟ. ಎರಡನೆಯದು ಮಾಡಿದ. ಕುಲುಮೆಯಿಂದ ತೆಗೆದ ಕುಲುಮೆಯಕ್ಕ ಅದನ್ನು ಕಿಟಕಿಯ ಬಳಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಅಣ್ಣ, ನೀಲಿ."

"ಎಲ್ಲಿ ನೀಲಿ? ಹಳದಿ ಹೊಡೀತಿದೆ. ಅದಕ್ಕೇ ಒಂದೆಳೆ ನೀಲಿ ಕೊಟ್ಟಿದ್ದೀನಿ."

"ಒಂದೆಳೆ ಅಲ್ಲ, ಒಂದು ಕೊಡ ಕೊಟ್ಟಿದ್ದೀರ. ಬಚ್ಚಲಿನ ಬೇಸಿನ್ ಇದ್ದ ಹಾಗಿದೆ."

"ನಿನ್ನ ಕುಲುಮೆ ಜಾಸ್ತಿ ಕಾಯ್ತಿದೆ. ಸೀದು ಹಳದಿಯಾಗ್ತಿದೆ, ನಾನು ಸರಿ ಮಾಡ್ತಿದ್ದೀನಿ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ."

"ನಾನು ಕುಣಿಯೋದು ಕಲಿತಾಗ ನೀನಿನ್ನೂ ಹಾಲುಹಲ್ಲಲ್ಲಿದ್ದೆ!"

ಹೀಗೆ, ಯಾರು ಹಿರಿಯರೆಂಬ ಪ್ರಶ್ನೆ ಇಪ್ಪತ್ತು ವರ್ಷದ ಮೇಲೆ ಇತ್ಯರ್ಥವಾಯಿತು. ನೆಲ ಡೊಂಕಾದ ಕಡೆಯನ್ನೆಲ್ಲ ಅಣ್ಣ ಆ ತಿಂಗಳು ಹುಡುಕಿದ. ಟ್ಯೂಬ್‌ಲೈಟ್ ಮೂರು ಸಲ ಬದಲಾಯಿತು. ಪರದೆ ತೆಗೆಸಿದ, ಹಾಕಿಸಿದ. ಪುಡಿಯ ಕಂಪನಿಗೆ ಬೈದ. ಎದುರು ಕಟ್ಟಡಕ್ಕೆ ಬಳಿದ ಹಳದಿ ಬಣ್ಣ ಕಿಟಕಿಯಿಂದ ಒಳಗೆ ಬರುತ್ತಿದೆ ಎಂದ; ಹೋಗಿ ನೋಡಿದರೆ ಅದು ಬೂದು ಬಣ್ಣದ ಕಟ್ಟಡ. ಮೂರನೆಯ ಸೆಟ್ಟು ಎರಡನೆಯದಕ್ಕಿಂತ ನೀಲಿಯಾಗಿ ಬಂತು. ಪುಟ್ಟಿಯ ಡಾಕ್ಟರು ಎರಡನ್ನೂ ವಾಪಸ್ಸು ಕಳಿಸಿದರು. ಅಷ್ಟರಲ್ಲಿ ಬೇರೆ ಇಬ್ಬರು ಡಾಕ್ಟರುಗಳೂ ಕೆಲಸ ವಾಪಸ್ಸು ಮಾಡಿದ್ದರು.

ಚಿತ್ರಶಾಲೆಯ ಹಿಂದಿನ ಹಜಾರ ಚಾವಣಿ ರಿಪೇರಿಗೆಂದು ಒಂದೂವರೆ ವರ್ಷದಿಂದ ಮುಚ್ಚಿತ್ತು. ಅದೇ ವಾರ ತೆರೆಯಿತು. "ಬಾರೋ," ಎಂದ ನನಗೆ. "ಬಿಳಿ ಅಂದ್ರೆ ಏನು ಅಂತ ಕಣ್ಣು ತೊಳ್ಕೊಂಡು ಬರೋಣ. ಇಲ್ಲಿ ಎಲ್ಲರೂ ಸೇರಿ ನನ್ನ ತಲೆ ಕೆಡಿಸಿಬಿಟ್ಟಿದ್ದೀರಿ."

ಹೋದೆವು. ಹಾಸುಬಟ್ಟೆಯ ಮುಂದೆ ನಿಂತ ಅಣ್ಣನ ಮುಖ ನೋಡುತ್ತ ನೋಡುತ್ತ ಕೆಂಪೇರಿತು.

"ಹಾಳು ಮಾಡಿಬಿಟ್ಟಿದ್ದಾರೆ! ಅಜ್ಜ! ಬನ್ನಿ ಇಲ್ಲಿ! ಯಾರ್ರೀ ಇದಕ್ಕೆ ಕೈ ಹಾಕಿದ್ದು? ಟೀ ಚೆಲ್ಲಿದ ಹಾಗಿದೆ ಬಟ್ಟೆ!"

ಅಜ್ಜ ಕನ್ನಡಕ ಹಾಕಿಕೊಂಡು ನೋಡಿದ, ಕನ್ನಡಕ ತೆಗೆದು ನೋಡಿದ. "ಹಂಗೇ ಇದೆಯಲ್ಲಪ್ಪ."

"ಹಂಗೇ ಇದೆಯಂತೆ! ಹದಿನೆಂಟು ವರ್ಷ ಇದರ ಕಾವಲು ಕಾದಿದ್ದೀರಿ, ಒಂದಿನವಾದ್ರೂ ನೋಡಿದ್ದೀರಾ? ದೊಡ್ಡೋರನ್ನ ಕರೀರಿ. ದೂರು ಬರೆದುಕೊಡ್ತೀನಿ."

ಬಂದದ್ದು ದೊಡ್ಡವರಲ್ಲ, ಚಿತ್ರಗಳ ಆರೈಕೆ ನೋಡಿಕೊಳ್ಳುವ ಹೆಂಗಸು. ಕೈಗವಸು ತೊಟ್ಟಿದ್ದರು, ದನಿ ಮೆತ್ತಗಿತ್ತು. ರಿಪೇರಿ ನಡೆಯುವಾಗ ಚಿತ್ರ ಬೇರೆ ಕೋಣೆಯಲ್ಲಿ ಭದ್ರವಾಗಿತ್ತು, ಅದಕ್ಕೆ ಹೊಸದಾಗಿ ಏನನ್ನೂ ಬಳಿದಿಲ್ಲ, ಧೂಳನ್ನು ಮಾತ್ರ ತಾನೇ ಕೈಯಾರೆ ತೆಗೆದದ್ದು ಎಂದರು.

"ನನಗೆ ಬೆಳ್ಳಗೇ ಕಾಣ್ತಿದೆ ಸರ್."

"ನಿಮಗೆ ಕಾಣೋದು ಬೇಡ ಮೇಡಂ. ಸಾಕ್ಷಿ ಇದೆ ನನ್ನ ಹತ್ರ."

ಅಣ್ಣ ಜೇಬಿಗೆ ಕೈ ಹಾಕಿ, ಬಟ್ಟೆ ಬಿಚ್ಚಿ, ಹಲ್ಲನ್ನು ಹೊರತೆಗೆದ. ಬೊಟ್ಟು ಮಾಡಿ ತೋರಿಸಿದ: "ಈ ಎರಡನೇ ಮಡಿಕೆ ಇದೆಯಲ್ಲ, ಇದೂ ಈ ಹಲ್ಲೂ ಎರಡೂ ಒಂದೇ ಬಣ್ಣ. ಅಜ್ಜನ್ನ ಕೇಳಿ. ತಿಂಗಳಿಗೊಂದು ಸಲ ಹಿಡಿದಿದ್ದೀನಿ, ಒಂದು ಸಲವೂ ಸೂಜಿಮೊನೆಯಷ್ಟು ವ್ಯತ್ಯಾಸ ಇಲ್ಲ. ಈಗ ನೋಡಿ."

ಎಡಗಣ್ಣು ಮುಚ್ಚಿದ. ತೋಳು ಚಾಚಿದ. ನಾವು ಮೂವರೂ ಅವನ ಹಿಂದೆ ಬಗ್ಗಿ ನೋಡಿದೆವು.

ಹಲ್ಲು ಮಡಿಕೆಯೊಳಗೆ ಸೇರಿಹೋಯಿತು. ಕಡ್ಡಿಯೊಂದೇ ಕಾಣುತ್ತಿತ್ತು.

ಅವನು ತೋಳು ಇಳಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಲ್ಲನ್ನು ಅಂಗಿಗೆ ಉಜ್ಜಿ ಮತ್ತೆ ಹಿಡಿದ. ಮತ್ತೆ ಸೇರಿಹೋಯಿತು. ಬಟ್ಟೆ ಹಳದಿಯಾಗಿದ್ದರೆ ಹಲ್ಲೂ ಹಳದಿಯಾಗಿರಬೇಕು. ಬಟ್ಟೆಯ ಬಣ್ಣವನ್ನು ಯಾರಾದರೂ ಕೆಡಿಸಬಹುದು. ಸಾವಿರ ಡಿಗ್ರಿಯ ಹತ್ತಿರ ಬೆಂದ ಪಿಂಗಾಣಿಯನ್ನು ಕೆಡಿಸಲಾಗುವುದಿಲ್ಲ. ಅದು ನಮ್ಮ ಕಸುಬಿನವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ರೋಗಿಗಳಿಗೆ ನಾವೇ ಎದೆ ತಟ್ಟಿ ಹೇಳುವ ಮಾತು ಅದು.

"ಇದು ಯಾವ ಬಣ್ಣ?" ಎಂದು ನನ್ನ ಮುಂದೆ ಹಲ್ಲು ಹಿಡಿದು ಕೇಳಿದ.

"ಹಲ್ಲಿನ ಬಣ್ಣ ಅಣ್ಣ."

"ತಮಾಷೆ ಬೇಡ. ಸರಿಯಾಗಿ ಹೇಳು."

"ಅರೆಬಿಳಿ," ಎಂದೆ.

ಅವನು ಆ ಹೆಂಗಸಿನ ಕಡೆ ತಿರುಗಿ, "ತಪ್ಪಾಯ್ತು ಮೇಡಂ. ಚಿತ್ರ ಚೆನ್ನಾಗಿದೆ," ಎಂದ. ದೂರು ಬರೆಯಲು ತಂದ ಕಾಗದವನ್ನು ಅಜ್ಜ ಬೆನ್ನ ಹಿಂದೆ ಮಡಿಸಿಟ್ಟುಕೊಂಡ.

ಕಣ್ಣಿನ ಡಾಕ್ಟರಿಗೆ ಎರಡು ನಿಮಿಷ ಸಾಕಾಯಿತು. ಎರಡು ಕಣ್ಣಿಗೂ ಪೊರೆ, ಹಳದಿ ತಿರುಗುವ ಜಾತಿಯದು. ಎಡಗಣ್ಣು ಮೊದಲೇ ಲೆಕ್ಕಕ್ಕಿಲ್ಲ. ಮೂವತ್ತು ವರ್ಷದ ಹಿಂದೆ ತೇಯುವ ಚಕ್ರದಿಂದ ಸಿಡಿದ ಚೂರು ಅದನ್ನು ಮುಗಿಸಿತ್ತು. ಉಳಿದದ್ದು ಬಲಗಣ್ಣೊಂದೇ. ಮೂರು ತಿಂಗಳ ನಂತರಕ್ಕೆ ಆಪರೇಷನ್ ಗೊತ್ತಾಯಿತು. "ಸಾಮಾನ್ಯವಾಗಿ ಚೆನ್ನಾಗಿಯೇ ಆಗುತ್ತೆ," ಎಂದರು ಡಾಕ್ಟರು. ಒಂದೇ ಕಣ್ಣಿರುವವನಿಗೆ ಆ ವಾಕ್ಯದಲ್ಲಿ ಕೇಳಿಸಿದ್ದು 'ಸಾಮಾನ್ಯವಾಗಿ' ಎಂಬ ಒಂದೇ ಮಾತು.

ಅದಕ್ಕಿಂತ ಅವನನ್ನು ಕೊರೆದದ್ದು ಇನ್ನೊಂದು. ಇದು ಯಾವಾಗಿನಿಂದ? ಊರಿನ ಎಷ್ಟು ಬಾಯಿಗಳಲ್ಲಿ ತನ್ನ ತಪ್ಪು ಓಡಾಡುತ್ತಿದೆ? ಅದನ್ನು ಕಂಡುಹಿಡಿಯೋಣವೆಂದರೆ ನೋಡಬೇಕಾದ ಕಣ್ಣೇ ಕಳ್ಳ. ಕೊನೆಗೆ ಕುಲುಮೆಯಕ್ಕನನ್ನು ಕರೆದುಕೊಂಡು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತ. ಲೋಕದಲ್ಲಿ ಹೀಗೆ ನಡೆದ ಪ್ರದರ್ಶನ ಅದೊಂದೇ ಇರಬೇಕು: ಕಲಾವಿದ ಕೂತಿರುತ್ತಾನೆ, ಕೃತಿಗಳು ಬಸ್ಸಿನಿಂದ ಇಳಿದು, ಆಕಳಿಸಿ, ಜಗಳವಾಡಿ ಹೋಗುತ್ತವೆ.

"ಅಂಚೆಯವರು ಬಂದ್ರು. ಹೇಗಿದೆ?"

"ಚೆನ್ನಾಗಿದೆ ಅಣ್ಣ."

"ಅದು ಐದು ವರ್ಷದ್ದು. ಆ ಬ್ಯಾಂಕಿನವರು?"

"ಚೆನ್ನಾಗಿದೆ. ನಗ್ತಿಲ್ಲ, ಆದ್ರೂ ಚೆನ್ನಾಗಿದೆ."

"ಹೋದ ವರ್ಷ ಬೇಸಿಗೇಲಿ ಮಾಡಿದ್ದು ಆ ಹೊಲಿಗೆಯವಳದು. ಅಲ್ಲಿ, ಹಸಿರು ಚೀಲ."

ಹೊಲಿಗೆಯವಳು ಗೆಳತಿಯ ಜೊತೆ ಏನೋ ಮಾತಾಡಿ ನಕ್ಕಳು. ನಗುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

"ಅವಳ್ಯಾಕೆ ಬಾಯಿ ಮುಚ್ಕೊಳ್ತಾಳೆ?" ಎಂದ ಅಣ್ಣ.

ಅಕ್ಕ ಬಸ್ಸಿನ ಬೋರ್ಡು ಓದತೊಡಗಿದಳು. ಅವನು ಮುಂದೆ ಕೇಳಿದ್ದು ಬೇರೆ: "ಪುಟ್ಟಿಗೆ ಕಚ್ಚುವಾಗ ನೋಯ್ತಿರಲಿಲ್ಲ, ಅಲ್ವಾ?"

"ಇಲ್ಲ ಅಣ್ಣ."

"ನನ್ನ ಎಲೇಲಿ ಹೆಗ್ಗಣ ಸತ್ತು ಬಿದ್ದಿದ್ರೂ, ನಾನು ಹೋಗಿ ಚಿತ್ರಶಾಲೆಯ ನೊಣ ಓಡಿಸಿದೆ."

ಆ ವಾರ ಲ್ಯಾಬಿನಲ್ಲಿ ನಾವು ಮೂವರು ಬಾಗಿಲು ಹಾಕಿಕೊಂಡು ಸಭೆ ಸೇರಿದೆವು. ಬಣ್ಣ ಕೊಡುವವನಿಗೆ ಬಣ್ಣ ಕಾಣುವುದಿಲ್ಲವೆಂದು ಡಾಕ್ಟರುಗಳಿಗೆ ಗೊತ್ತಾದರೆ ಕೆಲಸ ಬೇರೆ ಲ್ಯಾಬಿಗೆ ಹೋಗುತ್ತದೆ. ಹೋದದ್ದು ಆಪರೇಷನ್ ಆದ ಮೇಲೆ ತಿರುಗಿ ಬರುತ್ತದೆಂದು ಯಾರೂ ಬರೆದುಕೊಟ್ಟಿಲ್ಲ. ಅಣ್ಣ ನನ್ನ ಪಕ್ಕ ನಿಂತು ಪ್ಲಾಸ್ಟರ್ ಕಲಸಬೇಕಾಗುತ್ತದೆ. ಕುಲುಮೆಯಕ್ಕ ಸೊಂಟಕ್ಕೆ ಕೈಯಿಟ್ಟು ತೀರ್ಪು ಕೊಟ್ಟಳು: "ಬಣ್ಣ ನಾನು ಕೊಡ್ತೀನಿ. ಹೆಸರು ನಿಮ್ಮದೇ ಇರಲಿ. ನೀವೇ ಮಾಡಿದ್ದು ಅಂತ ಹೇಳಿ, ನಾನು ತುಟಿ ಎರಡು ಮಾಡಲ್ಲ. ಇವನೂ ಮಾಡಲ್ಲ." ಇವನೆಂದರೆ ನಾನು. ನಾನು ಆಗಲೇ ತುಟಿ ಮುಚ್ಚಿದ್ದೆ.

"ನಿನಗೆ ಬಣ್ಣ ಕೊಡೋಕೆ ಬರಲ್ಲ," ಎಂದ ಅಣ್ಣ.

"ನಿಮಗೆ ಕಾಣಲ್ಲ," ಎಂದಳು ಅಕ್ಕ.

ಇಬ್ಬರೂ ಹೇಳಿದ್ದು ನಿಜವಾದ್ದರಿಂದ ಮರುದಿನ ಇಬ್ಬರೂ ಚಿತ್ರಶಾಲೆಗೆ ಹೋದರು, ಹಿಂದೆ ನಾನೂ. ಪ್ರದರ್ಶನವೆಂದರೆ ಕೆಲಸವಿಲ್ಲದವರ ಕಾಲಹರಣ ಎಂದು ಹದಿನೆಂಟು ವರ್ಷ ಹಂಗಿಸಿದವಳು ಮೊದಲ ಸಲ ಒಳಗೆ ಕಾಲಿಟ್ಟಳು. ಅಣ್ಣ ಚಿತ್ರಕ್ಕೆ ಬೆನ್ನು ಹಾಕಿ, ಎದುರು ಗೋಡೆಯ ಬೆಂಚಿನ ಮೇಲೆ ಕೂತು, ಕಣ್ಣು ಮುಚ್ಚಿಕೊಂಡ. ನೋಡಿದರೆ ನೆನಪು ಕೆಡುತ್ತದೆಂದು ಅವನ ಭಯ.

"ಬಟ್ಟೆ ಮೇಜಿನ ಅಂಚು ದಾಟೋ ಜಾಗ. ಅಲ್ಲಿ ತಿಳಿಹಸಿರು ಇರಬೇಕು. ಇದೆಯಾ?"

"ಇಲ್ಲ... ಇರಿ. ಇದೆ. ಅಯ್ಯೋ, ಇದೆ ಅಣ್ಣ."

"ಎಷ್ಟಿದೆ?"

"ಉಗುರಿನಷ್ಟು."

"ನಿನ್ನ ಉಗುರಾ, ಚಿತ್ರಕಾರನ ಉಗುರಾ? ಹತ್ತಿರ ಹೋಗು. ಬಟ್ಟಲಿನ ಕೆಳಗೆ ಒಣಹುಲ್ಲು."

"ಇದೆ."

"ಮೂರನೇ ಮಡಿಕೆ, ನೆರಳು. ನೇರಳೆ."

ಅಕ್ಕ ಚಿತ್ರಕ್ಕೆ ಮೂಗು ತಾಗುವಷ್ಟು ಬಗ್ಗಿದಳು. ನನಗೂ ಅಲ್ಲಿ ಏನೂ ಕಾಣಲಿಲ್ಲ, ಬರೀ ನೆರಳು. ಅಣ್ಣ ಜೇಬಿನ ಹಲ್ಲನ್ನು ಅಂಗಿಯ ಮೇಲಿಂದಲೇ ಹಿಡಿದುಕೊಂಡ. ಅದೂ ಇಲ್ಲವೆಂದರೆ ಹದಿನೆಂಟು ವರ್ಷ ಏನು ನೋಡಿದೆ ಎಂದು ಅವನು ಯಾರನ್ನು ಕೇಳಬೇಕು?

"ಸಿಕ್ತು," ಎಂದಳು ಅಕ್ಕ, ದನಿ ತಗ್ಗಿಸಿ. "ಎಷ್ಟು ಸಣ್ಣಗಿದೆ ಅಣ್ಣ. ಇದನ್ನ ಕಂಡಮೇಲೆ ಬೇರೆ ಏನೂ ಕಾಣ್ತಿಲ್ಲ."

"ಹಾಂ. ಅದನ್ನ ತಲೇಲಿ ಇಟ್ಕೊಂಡು ನಡಿ. ದಾರೀಲಿ ಯಾರ ಜೊತೇನೂ ಮಾತಾಡಬೇಡ."

ಐದು ವಾರ ಹೀಗೇ ನಡೆಯಿತು. ಅಣ್ಣ ಹೇಳುತ್ತಿದ್ದ, ಅ‌ಕ್ಕ ನೋಡುತ್ತಿದ್ದಳು, ಬಂದು ಕುಂಚ ಹಿಡಿಯುತ್ತಿದ್ದಳು. ಪುಟ್ಟಿಗೆಂದು ಅವಳು ಬಣ್ಣ ಕೊಟ್ಟ ಮೊದಲ ಎರಡು ಸೆಟ್ಟು ನನ್ನ ಪ್ಲಾಸ್ಟರಿನ ಬುಟ್ಟಿಗೆ ಹೋದವು. ಬೈಗುಳ ಎರಡೂ ಕಡೆಯಿಂದ ಧಾರಾಳವಾಗಿತ್ತು. ಮೂರನೆಯ ಸೆಟ್ಟಿಗೆ ಅಕ್ಕ ಯಾರನ್ನೂ ಕೇಳದೆ, ಅಂಚಿನಲ್ಲಿ ಅಣ್ಣ ಹೇಳದ ಒಂದು ಬಣ್ಣ ಸೇರಿಸಿದಳು. ಏನದು ಎಂದು ಅವನು ಕೇಳಿದ. "ನಾನು ಕಂಡಿದ್ದು," ಎಂದಳು. ಅವನು ಹಲ್ಲುಗಳ ಮೇಲೆ ಬೆರಳಾಡಿಸಿ, ಬಣ್ಣ ಬೆರಳಿಗೆ ಸಿಗುವುದಿಲ್ಲವಾದ್ದರಿಂದ, ಸುಮ್ಮನೆ ತಲೆಯಾಡಿಸಿ ಕೊಟ್ಟುಬಿಟ್ಟ.

ಕೂರಿಸುವ ದಿನ ನಾವು ಮೂವರೂ ಹಲ್ಲಿನ ಡಾಕ್ಟರ ಕೋಣೆಯ ಗೋಡೆಗೆ ಒರಗಿ ನಿಂತಿದ್ದೆವು. ಡಾಕ್ಟರು ಕೈ ತೆಗೆದರು. ಕನ್ನಡಿ ಕೊಟ್ಟರು. ಪುಟ್ಟಿ ಕನ್ನಡಿಯಲ್ಲಿ ನೋಡಿಕೊಂಡಳು, ಕನ್ನಡಿಯನ್ನು ಕಿಟಕಿಯ ಕಡೆ ತಿರುಗಿಸಿ ನೋಡಿಕೊಂಡಳು. ಕೈ ಅಭ್ಯಾಸಬಲದಿಂದ ಬಾಯಿಯ ತನಕ ಏರಿತು, ಅರ್ಧದಲ್ಲಿ ನಿಂತಿತು, ಏನು ಮಾಡುವುದೆಂದು ತಿಳಿಯದೆ ಕಿವಿ ಕೆರೆದುಕೊಂಡು ಕೆಳಗಿಳಿಯಿತು. ಅದನ್ನು ಕಂಡು ಅವಳಿಗೇ ನಗು ಬಂತು. ಹೊರಗಿನ ಬೆಂಚಿನಲ್ಲಿ ಕಾಯುತ್ತಿದ್ದ ರೋಗಿಯೊಬ್ಬ ಬಾಗಿಲು ತಳ್ಳಿ, ಏನಾಯಿತು ಎಂದು ತಲೆ ಹಾಕಿದ.

ಅಣ್ಣ ಅವಳ ಬಾಯಿಯನ್ನೇ ನೋಡುತ್ತಿದ್ದ. ಅವನಿಗೆ ಅಲ್ಲಿ ಕಂಡದ್ದು ಟೀ ಬಣ್ಣದ ನಾಲ್ಕು ಹಲ್ಲು ಎಂದು ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ.

ಡಾಕ್ಟರು ಕೈಗವಸು ಕಳಚಿ ಅವನ ಕೈ ಹಿಡಿದು ಕುಲುಕಿದರು. "ನಲವತ್ತು ವರ್ಷದಲ್ಲಿ ಇಂಥ ಕೆಲಸ ನಾನು ನೋಡಿಲ್ಲ ಕಣ್ರೀ. ಆ ಅಂಚು! ಮೊದಲಿನ ಮೂರು ಸಲ ಏನಾಗಿತ್ತೋ ನಿಮಗೆ. ಜನ ನಗ್ತಿದ್ರು, ಚಿತ್ರ ನೋಡ್ತಾ ನಿಂತಿರ್ತಾನೆ ಅಂತ. ಇಷ್ಟು ವರ್ಷ ನೋಡಿದ್ದೆಲ್ಲ ಈ ನಾಲ್ಕು ಹಲ್ಲಿಗೆ ಇಳಿದುಬಿಟ್ಟಿದೆ. ಮುಂದಿನ ವಾರದಿಂದ ನನ್ನ ಎಲ್ಲಾ ಕೆಲಸಾನೂ ನಿಮಗೇ. ಹೇಳಿ ಸ್ವಾಮಿ, ಆ ಬಣ್ಣ ಹೇಗೆ ತಂದ್ರಿ?"

ಪುಟ್ಟಿ ನಗುತ್ತಲೇ ಅಣ್ಣನ ಕಡೆ ನೋಡಿದಳು. ಕುಲುಮೆಯಕ್ಕ ನೆಲ ನೋಡಿದಳು. ನಾನು ಕೊಟ್ಟ ಮಾತಿನಂತೆ ತುಟಿ ಬಿಗಿದೆ.

"ಅದು ಅಕ್ಕ ಮಾಡಿದ್ದು ಸರ್," ಎಂದ ಅಣ್ಣ. "ನನಗೆ ಕಣ್ಣು ಕಾಣ್ತಿಲ್ಲ."